ಸಾವಕಾಶದ ದನಿಗೆ ಅವಸರ

ಅಂಬುಬಾಯಿ ಆ ದನಿಯನ್ನು ಮೊದಲು ಕೇಳಿದ್ದು ತನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ. ಹೆಸರೇನೆಂದು ಅವಳ ಅಪ್ಪ ಕೇಳಿದರೆ, ವರಮಹಾಶಯರು ‘ರಾಘವೇಂದ್ರ’ ಎಂದು ಹೇಳಿ ಮುಗಿಸುವಷ್ಟರಲ್ಲಿ ತಟ್ಟೆಯ ಉಪ್ಪಿಟ್ಟು ಆರಿ ಗಟ್ಟಿಯಾಗಿತ್ತು. ಮುಂದೆ ಸಂಸಾರ ಪೂರ್ತಿ ಹಾಗೆಯೇ. ಕುಷಾಯಿಗೂಡದ ಕಾರ್ಖಾನೆಗೆ ಹೊರಟರೆಂದರೆ ‘ಹೋಗಿ’ ಅನ್ನುವುದು ಹೊಸ್ತಿಲೊಳಗೆ, ‘ಬರತೀನಿ’ ಅನ್ನುವುದು ಗೇಟಿನಾಚೆಗೆ.

ಆ ಪುಣ್ಯಾತ್ಮರು ತೀರಿಕೊಳ್ಳುವ ಮೊದಲು ಒಂದು ಉಪಕಾರ ಮಾಡಿದ್ದರು (ಉಪಕಾರವೋ ಉಪದ್ರವವೋ, ಮನೆಯಲ್ಲಿ ಎರಡು ಪಕ್ಷಗಳಿವೆ). ಸತ್ಯನಾರಾಯಣ ಪೂಜೆಯನ್ನು ತಮ್ಮ ದನಿಯಲ್ಲೇ ಟೇಪಿಗೆ ಹಾಕಿಟ್ಟಿದ್ದರು. ಅದೀಗ ಮಗ ವಿಶ್ವಜಿತ್‌ನ ಫೋನಿಗೆ ಇಳಿದಿದೆ. ವರ್ಷಕ್ಕೊಮ್ಮೆ ದನಿ ‘ಹೂ ಏರಸು’ ಎಂದಾಗ ಮಗ ಹೂ ಏರಿಸುತ್ತಾನೆ. ಮುಂದಿನ ಅಪ್ಪಣೆ ಬರುವತನಕ ಕೈ ಚಾಚಿ ಕೂತಿರುತ್ತಾನೆ. ಬಂದವರ ಹೊಟ್ಟೆಗಳು ಬೇರೆ ಮಂತ್ರ ಹೇಳತೊಡಗುತ್ತವೆ. ಕೊನೆಗೆ, ಟೇಪು ನಿಲ್ಲಿಸುವುದನ್ನು ಮರೆತು ಅಡುಗೆಮನೆಯತ್ತ ತಿರುಗಿ ಅವರು ಹೆಂಡತಿಗೆ ಹಾಕಿದ ಪ್ರಶ್ನೆಯೂ ಅದರಲ್ಲಿದೆ. ಆ ಪ್ರಶ್ನೆ ಮುಗಿಯುವ ಮೊದಲೇ ಅಂಬುಬಾಯಿ ಪ್ರತಿವರ್ಷ ನೈವೇದ್ಯ ಹಿಡಿದು ಬಂದು ‘ಆತ್ರೀ’ ಅನ್ನುತ್ತಾಳೆ. ಒಮ್ಮೆಯೂ ತಡವಾಗಿದ್ದಿಲ್ಲ. ಅವಳಿಗಿದ್ದ ಜಂಬ ಅದೊಂದೇ.

ಈ ವರ್ಷ ವಿಶ್ವಜಿತ್ ತೀರ್ಪು ಕೊಟ್ಟ.

"ಅಮ್ಮಾ, ಹೋದ ವರ್ಷ ಉಪ್ಪಲ್‌ನಿಂದ ಬಂದವರು ಊಟ ಬಿಟ್ಟು ಮೆಟ್ರೋ ಹಿಡದ್ರು. ಈ ಸಲಾನೂ ಹಂಗಾದ್ರ ಮುಂದಿನ ವರ್ಷ ಪೂಜಿಗೆ ಬ್ಯಾರೆಯವರ ದನಿ."

ವರ್ಷಕ್ಕೊಂದು ದಿನ ಮನೆಗೆ ಬರುವ ಯಜಮಾನರಿಗೂ ನೋಟೀಸು. ಅಂಬುಬಾಯಿಗೆ ಅಂದು ಊಟ ಸೇರಲಿಲ್ಲ.

ಬೇಗಂಪೇಟೆಯ ಕಚೇರಿಯಲ್ಲಿ ಪಾಠಗಳ ರೆಕಾರ್ಡಿಂಗ್ ತಿದ್ದುವ ಸೊಸೆ ಶರ್ವರಿ ಕರುಣೆಯಿಂದ ಲ್ಯಾಪ್‌ಟಾಪ್ ತೆರೆದಳು. ಪರದೆಯ ಮೇಲೆ ಯಜಮಾನರ ದನಿ ಗೆರೆಯಾಗಿ ಮಲಗಿತ್ತು. ಅಲ್ಲೊಂದು ಉಬ್ಬು, ಆಮೇಲೆ ಉದ್ದಾನುದ್ದ ಬಯಲು, ಮತ್ತೊಂದು ಉಬ್ಬು. ಈ ಬಯಲನ್ನೆಲ್ಲ ಕತ್ತರಿಸಿ ಒಗೆದರೆ ಕೆಲಸ ಮುಗಿಯಿತು ಎಂದಳು ಸೊಸೆ.

"ಬ್ಯಾಡವಾ," ಎಂದಳು ಅಂಬುಬಾಯಿ. "ಅಲ್ಲೆ ಅವರು ಉಸರು ತಗೊಂಡಾರ."

ಶರ್ವರಿ ಕತ್ತರಿ ಬಿಟ್ಟು ಇನ್ನೊಂದು ವಿದ್ಯೆ ತೆಗೆದಳು. ಶುರುವಿಗೆ ಅವರದೇ ನಡಿಗೆ, ಕೊನೆಗೆ ಅದರ ಎರಡರಷ್ಟು. ನಡುವೆ ವೇಗ ಮೆಲ್ಲಮೆಲ್ಲಗೆ ಏರುತ್ತ ಹೋಗುವುದರಿಂದ ಎಲ್ಲಿ ಏರಿತೆಂದು ಯಾರಿಗೂ ತಿಳಿಯದು. ಮೊದಲ ಸಲ ವೇಗದ ಜೊತೆ ಸ್ವರವೂ ಏರಿಬಿಟ್ಟಿತು. ಗಣಪತಿ ಪೂಜೆಗೆ ಕೂತ ಗೃಹಸ್ಥರು ಧೂಪದೀಪದ ಹೊತ್ತಿಗೆ ಮುಂಜಿಯಾಗದ ಹುಡುಗನಾಗಿದ್ದರು. ಸ್ವರವನ್ನು ಮುಟ್ಟದೆ ವೇಗವನ್ನಷ್ಟೇ ಏರಿಸಿದ್ದಾಯಿತು. ಅಂಬುಬಾಯಿ ಕಣ್ಣು ಮುಚ್ಚಿ ಕೇಳಿ, ಇನ್ನೂ ಸಾವಕಾಶ, ಇಲ್ಲಿ ತುಸು ಬಿಡು ಎನ್ನುತ್ತ ಸೊಸೆಗೆ ಸಾಕುಸಾಕು ಮಾಡಿದಳು. ಶುರುವಿಗೇ ಅವರನ್ನು ಓಡಿಸಲು ಮನಸ್ಸಾಗಲಿಲ್ಲ. ಅವಸರವನ್ನೆಲ್ಲ ಕೊನೆಗೇ ದೂಡಿಸಿದಳು.

"ಅತ್ಯಾ, ಪರಬ್ರಹ್ಮ ಬಂದು ಕೇಳಿದ್ರೂ ಗೊತ್ತಾಗೂದಿಲ್ಲ," ಎಂದು ಶರ್ವರಿ ಪ್ರಮಾಣಪತ್ರ ಕೊಟ್ಟಳು.

ಪೂಜೆಯ ದಿನ ನಿಜಕ್ಕೂ ಯಾರಿಗೂ ಗೊತ್ತಾಗಲಿಲ್ಲ. ವಿಶ್ವಜಿತ್‌ನ ಕೈಗೆ ಚಾಚಿ ಕೂರಲು ಪುರುಸೊತ್ತೇ ಸಿಗಲಿಲ್ಲ. ಉಪ್ಪಲ್‌ನವರು ಗಡಿಯಾರ ನೋಡುವುದನ್ನೇ ಬಿಟ್ಟರು. ಮಡಿಯುಟ್ಟು ಒಳಗೆ ನಿಂತಿದ್ದ ಅಂಬುಬಾಯಿಗೆ, ಮುಂದಿನ ವರ್ಷವೂ ಯಜಮಾನರ ಜಾಗ ಗಟ್ಟಿಯಾಯಿತು ಎಂದು ಕಣ್ಣು ತುಂಬಿತು.

ಆ ಅಡುಗೆಮನೆಯಲ್ಲಿ ಗಡಿಯಾರವಿಲ್ಲ. ಯಾವತ್ತೂ ಬೇಕಾಗಿರಲಿಲ್ಲ. ಅಷ್ಟೋತ್ತರ ಶುರುವಾದರೆ ತುಪ್ಪ ಕಾಯಬೇಕು, ಧೂಪ ಬಂದರೆ ಬಾಣಲೆಗೆ ರವೆ ಸುರಿಯಬೇಕು. ಅವರು ಧೂಪದಿಂದ ದೀಪಕ್ಕೆ ಬರುವಷ್ಟರಲ್ಲಿ ರವೆ ಕೆಂಪಾಗಿ, ಹಾಲು ಕುಡಿದು, ಸಕ್ಕರೆ ಬೆರೆತು ಸಪಾದ ಭಕ್ಷ್ಯವಾಗಿರುತ್ತದೆ. ಗಂಡನ ನಿಧಾನವೇ ಅವಳ ಅಳತೆ.

ಧೂಪ ಬಂತು. ರವೆ ಸುರಿದಳು. ಸೌಟು ಒಂದು ಸುತ್ತು ಬರುವುದರೊಳಗೆ ದೀಪವೂ ದಾಟಿ ಹೋಯಿತು. ಫೋನು ಕೆಟ್ಟಿತೆಂದುಕೊಂಡಳು. ಆಮೇಲೆ ತಿಳಿಯಿತು: ತಾನು ಕೊನೆಗೆ ದೂಡಿದ ಅವಸರವೆಲ್ಲ ಬಂದು ತನ್ನ ಬಾಣಲೆಗೇ ಬಿದ್ದಿದೆ. ಉರಿ ದೊಡ್ಡದು ಮಾಡಿದರೆ ತಳ ಕರಕಾಯಿತು, ಮೇಲೆ ರವೆ ಬೆಳ್ಳಗೇ ಇತ್ತು. ಹಾಲು ಇನ್ನೂ ತಪ್ಪಲೆಯಲ್ಲಿ ತಣ್ಣಗೆ ಕೂತಿತ್ತು. ರವೆಗೆ ಯಾವ ಲ್ಯಾಪ್‌ಟಾಪಿನಲ್ಲಿ ವೇಗ ಏರಿಸುವುದು?

ವಿಶ್ವಜಿತ್ ಗಂಟೆ ಹಿಡಿದು ಬಾಗಿಲಿಗೆ ಬಂದ.

"ಅಪ್ಪ ಮುಗಿಸಿಬಿಟ್ರಮ್ಮಾ. ಈ ಸಲ ತಡಾ ನಿಂದs."

ಹೊರಗೆ ಉಪ್ಪಲ್‌ನವರು ಚಪ್ಪಲಿ ಹುಡುಕುವ ಸದ್ದು ಕೇಳಿಸಿತು. ಅಂಬುಬಾಯಿ ಹಸಿ ರವೆಯ ಮುಂದೆ ಸೌಟು ಹಿಡಿದು ನಿಂತಳು. ಜನ್ಮದಲ್ಲಿ ಒಮ್ಮೆಯೂ ಅವಸರ ಮಾಡದ ಮನುಷ್ಯ, ಬೆನ್ನ ಹಿಂದೆಯೇ ನಿಂತವರ ಹಾಗೆ, ಒಂದೇ ಉಸಿರಿಗೆ ಕೇಳಿದರು:

"ಅಂಬೂ, ನೈವೇದ್ಯ ಆತೇನು?"