ಕೊಂಡವಾಡೆಯ ಮಗ್ಗುಲ ಮನೆಯೂ ದ್ಯಾಮವ್ವನ ಹೂವೂ

ಇವರಿಂದ:
ಹೊಳಬಸಪ್ಪ ತಂದೆ ಗಿರಿಯಪ್ಪ, ವಯಸ್ಸು ೩೪,
ಉದ್ಯೋಗ: ಚಾವಡಿ ಕಟ್ಟೆಯ ಮೇಲೆ ಕುಳಿತು ಊರವರ ಅರ್ಜಿ ಬರೆದುಕೊಡುವುದು,
ಸಾಕಿನ್ ತಿಳವಳ್ಳಿ, ತಾಲೂಕು ಹಾನಗಲ್ಲ.

ಇವರಿಗೆ:
ಶ್ರೀ ದ್ಯಾಮವ್ವ ತಾಯಿಯವರು, ಗ್ರಾಮದೇವತೆ,
ಅಗಸಿ ಬಾಗಿಲ ಹತ್ತಿರ, ಇದೇ ಊರು.

ದಿನಾಂಕ: ರವಿವಾರ, ಕಾರ್ತಿಕ ಮಾಸ, ಸನ್ ೧೯೫೯.

ವಿಷಯ: ತಮ್ಮ ಹೂವಿನ ಅಪ್ಪಣೆಯಂತೆ ಆರು ವರ್ಷ ವಾಸವಿದ್ದ ಅತ್ಯಂತ ಕೆಟ್ಟ ಮನೆಯ ಬಗ್ಗೆ, ಹಾಗೂ ಸದರಿ ಕಾರಣದಿಂದ ತವರಿಗೆ ಹೋದ ಹೆಂಡತಿ ತಿರುಗಿ ಬರುವ ಬಗ್ಗೆ.

ಉಲ್ಲೇಖ: ೧. ತಮ್ಮ ಹೂವು, ಮಂಗಳವಾರ, ಸನ್ ೧೯೫೩. ೨. ಅತ್ತೆ ಮುದಕವ್ವನ ಬಾಯಿಮಾತಿನ ತಕರಾರು, ಕಳೆದ ತಿಂಗಳು.

ಮಾನ್ಯರೇ, ಅಂದರೆ ತಾಯೀ,

ಮೇಲ್ಕಾಣಿಸಿದ ವಿಷಯದಲ್ಲಿ ಅರ್ಜಿದಾರನು ತಮ್ಮ ಪಾದಕ್ಕೆ ಹಣೆ ಹಚ್ಚಿ ಬರೆದುಕೊಳ್ಳುವುದೇನೆಂದರೆ:

೧. ಅರ್ಜಿದಾರನು ಕೆಟ್ಟ ಸ್ಥಳಗಳಿಗೆ ಹೊಸಬನಲ್ಲ. ಸವಣೂರಿನಲ್ಲಿ ಒಂದು ಹಳೆಯ ಕುದುರೆ ಲಾಯದಲ್ಲಿ ವರ್ಷ ಕಳೆದಿದ್ದಾನೆ. ಕುದುರೆ ಸತ್ತು ಮೂವತ್ತು ವರ್ಷವಾಗಿದ್ದರೂ ಆ ಸುದ್ದಿ ನೊಣಗಳಿಗೆ ಇನ್ನೂ ಮುಟ್ಟಿರಲಿಲ್ಲ. ರಟ್ಟೀಹಳ್ಳಿಯ ಒಂದು ಛತ್ರದಲ್ಲಿ ನಾಲ್ಕು ದಿನ ಮಲಗಿದ್ದಾನೆ. ಮಲಗಿದ್ದು ಅರ್ಜಿದಾರ, ಹೊಟ್ಟೆ ತುಂಬಿದ್ದು ತಗಣಿಗಳಿಗೆ. ಶಿಗ್ಗಾವಿಯಲ್ಲಿ ಮೆಣಸಿನಕಾಯಿ ವಖಾರಿಯ ಮೇಲಿನ ಅಟ್ಟದಲ್ಲಿದ್ದಾಗ ಒಂದು ಮಾತನ್ನೂ ಸೀನದೆ ಮುಗಿಸಿದ್ದಿಲ್ಲ. ಮದುವೆಯ ಮಾತುಕತೆ ಆ ಅಟ್ಟದಲ್ಲಿಯೇ ನಡೆದ ಕಾರಣ, ಒಂಟಿ ಸೀನು ಅಪಶಕುನವಾದ ಕಾರಣ, ಪ್ರತಿ ಸಲವೂ ಎರಡನೆಯ ಸೀನನ್ನು ಕಷ್ಟಪಟ್ಟು ತಂದುಕೊಂಡು ಲಗ್ನ ನಿಶ್ಚಯಿಸಿಕೊಂಡಿದ್ದಾನೆ. ಹುಡುಗಿ ಸೋದರತ್ತೆ ಮುದಕವ್ವನ ಮಗಳು ಭರಮವ್ವ, ಹಿರೇಬೆಂಡಿಗೇರಿಯವಳು.

೨. ಲಗ್ನವಾದ ಮೇಲೆ ತಿಳವಳ್ಳಿಯಲ್ಲಿ ಮನೆ ಹುಡುಕಲಾಗಿ ಎರಡು ಸಿಕ್ಕವು. ಒಂದು, ರೋಶನಬಿಯವರದು: ಬಾವಿಯ ಹತ್ತಿರ, ಗಾಳಿ ಬೆಳಕು ಸರಿ. ಇನ್ನೊಂದು, ಗುದ್ಲೆಪ್ಪನ ಹಿತ್ತಲ ಮನೆ. ತುಡುಗು ದನ ಹಿಡಿದು ಕೂಡಿಹಾಕುವ ಕೊಂಡವಾಡೆಗೂ ಇದಕ್ಕೂ ನಡುವೆ ಒಂದೇ ಮಣ್ಣಿನ ಗೋಡೆ. ಅರ್ಜಿದಾರನು ತಮ್ಮನ್ನು ಕೇಳದೆ ಎಮ್ಮೆಯ ಹಗ್ಗವನ್ನೂ ಕೊಂಡವನಲ್ಲ. ಆದ್ದರಿಂದ ಗುಡಿಗೆ ಬಂದನು. ಪೂಜಾರಿ ಯಲ್ಲಪ್ಪ ಪರಊರಿಗೆ ಹೋಗಿದ್ದ ಕಾರಣ ತಾನೇ ಹೂವು ತೋಯಿಸಿ ತಮ್ಮ ಎರಡೂ ಭುಜಕ್ಕೆ ಅಂಟಿಸಿ, "ಗುದ್ಲೆಪ್ಪನ ಮನಿ ಹಿಡೀಲೇನವಾ? ಹೌದಂದ್ರ ಬಲಕ್ಕ ಕೊಡು, ಬ್ಯಾಡಂದ್ರ ಎಡಕ್ಕ ಕೊಡು" ಎಂದು ಕೇಳಿಕೊಂಡನು. ಹೂವು ಬಿದ್ದಿತು. ಬಲಕ್ಕೇ ಬಿದ್ದಿತು.

೩. ಸದರಿ ಮನೆಯ ಸಂಗತಿಗಳು: ಗೋಡೆಯಾಚೆಯ ದನಗಳ ಗಂಜಲ ಮಳೆಗಾಲದಲ್ಲಿ ಗೋಡೆಯ ಬುಡ ತೂರಿ ಒಲೆಯವರೆಗೆ ಬರುವುದು. ಬೆಳಗಾದರೆ ದನದ ಮಾಲಕರು ಬಂದು ಕಾವಲುಗಾರನನ್ನು ಬೈಯುವರು. ಕಾವಲುಗಾರ ಕಿವುಡನಾದ್ದರಿಂದ ಬೈಗುಳಗಳೆಲ್ಲ ಗೋಡೆ ದಾಟಿ ಅರ್ಜಿದಾರನಿಗೆ ತಲುಪುವವು. ಕಿಟಕಿಯಲ್ಲಿ ತಲೆ ತೂರಿಸಿದ ಹೋರಿಯೊಂದು ಹೊಲದ ಗಡಿಯ ತಕರಾರು ಅರ್ಜಿಯನ್ನು ಪೂರ್ತಿ ತಿಂದಿದೆ. (ಆ ತಕರಾರು ಅಲ್ಲಿಗೇ ಮುಗಿದು ಎರಡೂ ಕಡೆಯವರು ಈಗ ಅನ್ಯೋನ್ಯವಾಗಿದ್ದಾರೆ. ಹೋರಿಯ ಮೇಲೆ ದೂರಿಲ್ಲ.) ನೊಣ, ಉಣ್ಣಿ ಮತ್ತು ವಾಸನೆಗಳನ್ನು ಜಾಗದ ಅಭಾವದಿಂದ ಬರೆದಿಲ್ಲ.

ಹೆಂಡತಿ ಗೊಣಗಿದಾಗಲೆಲ್ಲ ಅರ್ಜಿದಾರನು, "ದೇವಿ ಅಪ್ಪಣಿ ಐತಿ, ಭರಮವ್ವಾ. ಗಂಜಲ ಅಂದ್ರ ಪವಿತ್ರ" ಎನ್ನುತ್ತಿದ್ದನು.

"ಹಂಗಾರ ಆ ಪವಿತ್ರಾನ್ನ ನೀವ ಬಳದು ಹೊರಗ ಚೆಲ್ರಿ" ಎಂದು ಆಕೆ ಕಸಬರಿಗೆ ಕೈಗೆ ಕೊಡುತ್ತಿದ್ದಳು.

೪. ಬಸ್ಸಿನ ವಾಸನೆ ಆಗದ ಕಾರಣ ಆರು ವರ್ಷ ಇತ್ತ ಬಾರದಿದ್ದ ಅತ್ತೆ ಮುದಕವ್ವ ಕಳೆದ ತಿಂಗಳು ಬಂದಳು. ಕುಳಿತು ರೊಟ್ಟಿ ಮುರಿಯುವಷ್ಟರಲ್ಲಿ, ದನ ಹುಡುಕುತ್ತ ಬಂದ ಮಾರೆಪ್ಪನೆಂಬ ರೈತ ಕೊಂಡವಾಡೆಯ ಬಾಗಿಲೆಂದು ತಿಳಿದು ಇತ್ತ ತಲೆ ಹಾಕಿ ಕೇಳಿದನು:

"ನಮ್ಮ ಮುದಿ ಎಮ್ಮಿ ಇಲ್ಲೇ ಬಂದೈತೇನ್ರಿ?"

"ಬಂದೈತೆಪಾ" ಎಂದಳು ಅತ್ತೆ. "ಈಗಷ್ಟ ಬಸ್ಸಿಳದು ಬಂದೈತಿ. ರೊಟ್ಟಿ ತಿನ್ನಾಕತ್ತೈತಿ. ತಿಂದಮ್ಯಾಲ ಬಿಡಿಸಿಕೊಂಡ ಹೋಗು."

ಮಾರೆಪ್ಪ ಓಡಿದನು. ಅತ್ತೆ ಇತ್ತ ತಿರುಗಿದಳು.

"ಲೇ ಹೊಳಬಸಪ್ಪಾ, ಈ ಮನಿ ನಿನಗ ಯಾರ ತೋರಿಸಿದ್ರು?"

"ದ್ಯಾಮವ್ವ ತೋರಿಸಿದ್ಲತ್ತಿ. ಬಲಕ್ಕ ಹೂ ಕೊಟ್ಲು."

"ಯಾರ ಬಲಕ್ಕ?"

"ನನ್ನ ಬಲಕ್ಕ."

"ಹೂ ಕೊಟ್ಟಾಕಿ ಆಕಿನೋ ನೀನೋ? ಆಕಿ ನಿನ್ನ ಕಡೆ ಮುಖಾ ಮಾಡಿ ಕುಂತಿರ್ತಾಳ. ನಿನ್ನ ಬಲ ಅಂದ್ರ ಆಕಿ ಎಡಾ ಅಲ್ಲೇನೋ, ಖೋಡಿ!"

ಅರ್ಜಿದಾರನು ತಕ್ಷಣ ಎದ್ದು ಅತ್ತೆಯ ಎದುರು ನಿಂತು ಕೈ ಎತ್ತಿ ಇಳಿಸಿ ತಪಾಸಣೆ ಮಾಡಲಾಗಿ, ಆಕೆಯ ಮಾತು ಖರೆ ಎಂದು ಕಂಡುಬಂದಿತು. ಈ ಬಗ್ಗೆ ಸಮಜಾಯಿಷಿ ಏನೆಂದರೆ, ಅರ್ಜಿದಾರನು ಹುಟ್ಟಿದಾಗಿನಿಂದ ಹೂವು ಬೀಳುವ ಹೊತ್ತಿಗೆ ಭಕ್ತಿಯಿಂದ ಕಣ್ಣು ಮುಚ್ಚಿಕೊಂಡವನು. "ಬಲಕ್ಕ ಕೊಟ್ಲು" ಎಂದು ಪೂಜಾರಿ ಕೂಗಿದ್ದನ್ನು ಕೇಳಿದ್ದಾನೆಯೇ ಹೊರತು ನೋಡಿದ್ದಿಲ್ಲ. ಆ ದಿನ ಪೂಜಾರಿ ಇಲ್ಲದ ಕಾರಣ, ಹೂವು ಬಿದ್ದ ಮೇಲೆ ಕಣ್ಣು ತೆರೆದು ನೋಡಿ ತನ್ನ ಬಲವನ್ನೇ ಬಲವೆಂದು ತಿಳಿದನು. ಆದರೂ ತಾಯೀ, ಆರು ವರ್ಷ ಪ್ರತಿ ಮಂಗಳವಾರ ಕಾಯಿ ಒಡೆಸಿದ್ದಾನೆ. ಗಂಜಲದ ವಾಸನೆ ತಮಗೂ ಬಂದಿರಬೇಕು. ಒಂದು ಸಲವಾದರೂ ಕನಸಿನಲ್ಲಿ ಬಂದು "ಆ ಕಡೆ ಅಲ್ಲೋ" ಎನ್ನಬಹುದಾಗಿತ್ತು.

೫. ಭರಮವ್ವ ಆಗ ಹೇಳಿದ್ದನ್ನು ಇದ್ದದ್ದು ಇದ್ದಂತೆಯೇ ಬರೆದಿದೆ:

"ಎಡಾ ಬಲಾ ತಪ್ಪಿದ್ದಕ್ಕ ನನಗ ಸಿಟ್ಟಿಲ್ರಿ. ದೇವಿನ್ನ ಕೇಳಿದ್ರಿ, ನನ್ನ ಕೇಳಿದ್ರೇನು? ಆರು ವರ್ಷ ಇದರಾಗ ರೊಟ್ಟಿ ಬಡದಾಕಿ ನಾನೋ ಆಕಿನೋ?"

ಉತ್ತರ ಕೊಡಲು ಅರ್ಜಿದಾರನು ಸಮಯ ಕೋರಿದನು. ಮೂರು ಗಂಟೆಯ ಬಸ್ಸಿಗೆ ತಾಯಿಯೊಂದಿಗೆ ಆಕೆ ಹಿರೇಬೆಂಡಿಗೇರಿಗೆ ಹೋದಳು.

೬. ಅರ್ಜಿದಾರನು ಆಮೇಲೆ ರೋಶನಬಿಯವರ ಮನೆ ಕೇಳಿದನು. ಅದು ಖಾಲಿಯಿದ್ದ ಕಾರಣ ಸಾಮಾನು ಸಾಗಿಸಿದನು. ತಮ್ಮನ್ನು ಕೇಳದೆ ಮಾಡಿದ ಮೊದಲ ಕೆಲಸ ಇದು, ಕ್ಷಮೆ ಇರಲಿ. ಮೊನ್ನೆ ಹಿರೇಬೆಂಡಿಗೇರಿಗೆ ಕರೆಯಲು ಹೋಗಿ, "ಮನಿ ಬದಲಿ ಮಾಡೇನಿ, ಬಾ" ಎಂದನು.

"ಯಾರನ್ನ ಕೇಳಿ ಮಾಡಿದ್ರಿ?"

"ಯಾರನ್ನೂ ಕೇಳಿಲ್ಲ."

"ಈ ಸಲಾನೂ ನನ್ನ ಕೇಳಲಿಲ್ಲ" ಎಂದಳು. ಇದು ಅರ್ಜಿದಾರನಿಗೆ ಹೊಳೆದಿರಲಿಲ್ಲ. "ಇರ್ಲಿ ಬಿಡ್ರಿ. ನಾ ಬರೂದನ್ನೂ ಆಕಿನ್ನ ಕೇಳೂಣು. ಮಂಗಳವಾರ ಗುಡಿಗೆ ಬರ್ತೇನಿ. ಬಲಕ್ಕ ಕೊಟ್ರ ನಿಮ್ಮ ಹಿಂದ, ಎಡಕ್ಕ ಕೊಟ್ರ ಮೂರರ ಬಸ್ಸಿಗೆ. ಕಣ್ಣ ಮಾತ್ರ ನಾ ಮುಚ್ಚಂಗಿಲ್ಲ."

೭. ಬಸ್ಸಿನಲ್ಲಿ ತಿರುಗಿ ಬರುವಾಗ ಅರ್ಜಿದಾರನು ವಿಚಾರ ಮಾಡಲಾಗಿ ಹೊಳೆದದ್ದು: ತಮ್ಮ ಗುಡಿಯೂ ಸುಖದ ಜಾಗವಲ್ಲ. ಮೇಲೆ ಬಾವಲಿ, ಕೆಳಗೆ ಎಣ್ಣೆಯ ಜಿಡ್ಡು, ಕಣ್ಣಿಗೆ ಊದಿನಕಡ್ಡಿಯ ಹೊಗೆ. ತಮ್ಮನ್ನು ಅಲ್ಲಿ ಕೂಡಿಸಿದ ಹಿರಿಯರು "ಇಲ್ಲೇ ಕುಂದರ್ತೀಯೇನವಾ?" ಎಂದು ತಮ್ಮನ್ನು ಕೇಳಿದ ದಾಖಲೆ ಎಲ್ಲಿಯೂ ಇಲ್ಲ. ಆದ್ದರಿಂದ ಭರಮವ್ವನ ಸಿಟ್ಟು ಅರ್ಜಿದಾರನಿಗಿಂತ ತಮಗೇ ಹೆಚ್ಚು ತಿಳಿದೀತು. ಈ ಮಾತು ಅರ್ಜಿದಾರನ ವಿರುದ್ಧ ಹೋಗುತ್ತದೆಂದು ಗೊತ್ತಿದ್ದೂ ಬರೆದಿದ್ದಾನೆ.

ಕಾರಣ, ಬರುವ ಮಂಗಳವಾರ ತಾವು ಹೂವನ್ನು ಬಲಕ್ಕೆ, ಅಂದರೆ ತಮ್ಮ ಬಲಕ್ಕೆ, ಸ್ಪಷ್ಟವಾಗಿ ಕೊಡಬೇಕಾಗಿ ವಿನಂತಿ. ಆಕೆ ಬಂದ ಮೇಲೆ ಒಲೆ ಎಲ್ಲಿ ಹೂಡುವುದು, ನೀರಿನ ಹಂಡೆ ಎಲ್ಲಿಡುವುದು ಮುಂತಾದ ವಿಷಯಗಳಲ್ಲಿ ತಮಗೆ ತೊಂದರೆ ಕೊಡಲಾಗುವುದಿಲ್ಲ, ಆಕೆಯನ್ನೇ ಕೇಳಲಾಗುವುದು.

ತಮ್ಮ ವಿಶ್ವಾಸಿ, ಕಣ್ಣು ತೆರೆದವ,
ಹೊಳಬಸಪ್ಪ

ಲಗತ್ತು: ೧. ಕಾಯಿ, ಒಂದು. ೨. ಕರ್ಪೂರ. ೩. ರೋಶನಬಿಯವರ ಮನೆಯ ಬೀಗದ ಕೈ (ನೋಡಿ ತಿರುಗಿ ಕೊಡುವುದು).

ವಿಶೇಷ ಸೂಚನೆ: ಬಲಕ್ಕೆ ಕೊಡಲು ಮನಸ್ಸು ಬಾರದಿದ್ದರೆ ದಯವಿಟ್ಟು ಎಡಕ್ಕೂ ಕೊಡದೆ ಹೂವನ್ನು ಇದ್ದಲ್ಲಿಯೇ ಇಟ್ಟುಕೊಳ್ಳಬೇಕು. ಹೂವು ಬೀಳದಿದ್ದರೆ ಮುಂದಿನ ಮಂಗಳವಾರ ಬಂದು ಮತ್ತೆ ಕೇಳುವುದು ರೂಢಿ. ಹಾಗಾದರೆ ವಾರಕ್ಕೊಮ್ಮೆಯಾದರೂ, ಮೂರು ಗಂಟೆಯವರೆಗೆ, ಆಕೆ ಊರಲ್ಲಿದ್ದಂತಾಗುವುದು.