ನಾಲ್ಕು ಗುಂಡಿಯ ಕೋಟು

ನಮ್ಮ ಕಾಕಾ ನೂರಾರು ಸಿನಿಮಾ ನೋಡಿದವರು. ಆದರೆ ಒಬ್ಬ ಹೀರೋಯಿನ್ನಿನ ಮುಖವೂ ಅವರಿಗೆ ನೆನಪಿರಲಿಲ್ಲ! ನಂಬುತ್ತೀರೋ ಬಿಡುತ್ತೀರೋ, ಆಕೆಯ ಬ್ಲೌಜಿನ ತೋಳು ಎಷ್ಟು ಇಂಚು ಅಂತ ಕೇಳಿದರೆ ಮಾತ್ರ ಥಟ್ಟನೆ ಹೇಳುತ್ತಿದ್ದರು.

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಬಸವಕಲ್ಯಾಣದ ಬಜಾರಿನಲ್ಲಿ ಅವರದು ಟೇಲರ್ ಅಂಗಡಿ. ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ, ಊರಿಗೆಲ್ಲ ‘ಮಾಸ್ತರ್’. ಕೊರಳಲ್ಲಿ ಟೇಪು ಹಾಕಿಕೊಂಡೇ ಊಟ, ಟೇಪು ಹಾಕಿಕೊಂಡೇ ಸಿನಿಮಾ. ಒಮ್ಮೆ ನನ್ನನ್ನೂ ಒಂದು ಅಳುವ ಸಿನಿಮಾಕ್ಕೆ ಕರಕೊಂಡು ಹೋದರು. ಪರದೆಯ ಮೇಲೆ ಹೀರೋನ ತಾಯಿ ಪ್ರಾಣ ಬಿಡುತ್ತಿದ್ದಾಳೆ, ಟಾಕೀಜಿನ ತುಂಬ ಮೂಗು ಸೀಟುವ ಸದ್ದು. ತಿರುಗಿ ನೋಡಿದರೆ ಕಾಕಾನ ಕಣ್ಣಲ್ಲೂ ನೀರು! ಪರವಾಗಿಲ್ಲ, ಇವರಿಗೂ ಕರುಳು ಅನ್ನೋದಿದೆ ಅಂದುಕೊಂಡು ಸಮಾಧಾನ ಮಾಡಲು ಬಗ್ಗಿದೆ.

“ಅಲ್ಲವ್ವಾ, ಎಂಥಾ ಚಲೋ ಬಟ್ಟಿ! ಆ ಹೀರೋನ ಕಾಲರ್ ಹ್ಯಾಂಗ ಕೆಡಿಸ್ಯಾರ ನೋಡು!” ಅಂತ ಕಣ್ಣೊರೆಸಿಕೊಂಡರು.

ಇಂಥವರು ಸುಮ್ಮನೆ ನೋಡಿ ಬರುತ್ತಾರೆಯೇ? ಕಥೆಯ ಬಗ್ಗೆ ದೊಡ್ಡ ಸಿದ್ಧಾಂತವನ್ನೇ ಕಟ್ಟಿದ್ದರು. “ಕಥಿ ಅಂದ್ರ ಕೋಟ್ ಇದ್ದಂಗ. ಮೊದಲ ಅಳತಿ, ಯಾರು ಎಂಥವ್ರು ಅಂತ. ಆಮ್ಯಾಲ ಕತ್ರಿ, ಚಲೋ ಇದ್ದದ್ದೆಲ್ಲಾ ತುಂಡ ತುಂಡ. ಆಮ್ಯಾಲ ಕಚ್ಚಾ ಹೊಲಿಗಿ ಹಾಕಿ ಟ್ರಯಲ್. ಟ್ರಯಲ್ದಾಗ ಯಾರ ಕೋಟೂ ಯಾರಿಗೂ ಸರಿ ಕೂಡಂಗಿಲ್ಲ, ಮಂದಿ ನಗೋದು ಅಲ್ಲೇ. ಕಡಿಗೆ ಕಾಜಾ, ಗುಂಡಿ. ಪ್ರತಿ ಗುಂಡಿ ತನ್ನ ಕಾಜಾದಾಗ ಹೊಕ್ಕಿತಂದ್ರ ಕಥಿ ಖತಂ, ನಡೀರಿ ಮನಿಗೆ!”

ಈ ಸಿದ್ಧಾಂತಕ್ಕೆ ಬಲಿಯಾದವರು ಮಂಠಾಳದ ಗೌಡರೊಬ್ಬರು. ಪ್ಯಾಂಟಿನ ಅಳತೆ ಕೊಡಲು ಬಂದವರಿಗೆ ಕಾಕಾ ಅಳತೆ ತಗೊಳ್ಳುತ್ತಲೇ ಕಥೆ ಶುರು ಮಾಡಿದರು. ಬರೀ ಬಾಯಿಂದ ಹೇಳುವ ಜಾತಿಯೂ ಅಲ್ಲ. ಕೈ, ಹುಬ್ಬು, ಭುಜ, ಎಲ್ಲವೂ ಕುಣಿಯಬೇಕು. ಬಾಯಿ ಗಟ್ಟಿಮುಟ್ಟಾಗಿರುವ ಮನುಷ್ಯ ಇಷ್ಟೊಂದು ಕೈ ಯಾಕೆ ಆಡಿಸಬೇಕು ಅಂತ ನಾವೆಲ್ಲ ಹಿಂದೆ ಆಡಿಕೊಂಡು ನಗುತ್ತಿದ್ದೆವು. ವಾರದ ಮೇಲೆ ಗೌಡರು ಪ್ಯಾಂಟು ಹಾಕಿಕೊಂಡೇ ಬಂದು ನಿಂತರು.

“ಮಾಸ್ತರ್, ಒಂದು ಕಾಲು ಯಾಕ್ರಿ ಗಿಡ್ಡ ಆತು?”

“ಫೈಟಿಂಗ್ ಸೀನ್ ಹೇಳಾಗ ನೀವು ಮೊಣಕಾಲ ಮಡಚಿದ್ರಿ ಗೌಡ್ರ! ಅದು ನನ್ನ ತಪ್ಪೇನ್ರಿ?”

ಇಷ್ಟೆಲ್ಲ ಹುಚ್ಚಿದ್ದ ಕಾಕಾನಿಗೆ ಇದ್ದ ಕೊರಗು ಒಂದೇ, ನಮ್ಮ ಕಾಕಿ ಸಿನಿಮಾಕ್ಕೆ ಬರುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಆಕೆ ಈ ಹುಚ್ಚಿನಲ್ಲಿ ಗಂಡನನ್ನೂ ಮೀರಿಸಿದ್ದವಳಂತೆ. ಆಮೇಲೊಮ್ಮೆ ಜ್ವರ ಬಂದು ಎರಡೂ ಕಿವಿ ಹೋದವು. ಮಾತು ಉಳಿಯಿತು, ಕೇಳುವುದು ನಿಂತಿತು. ಟಾಕೀಜಿನ ಕಡೆ ಮುಖ ಹಾಕುವುದನ್ನೂ ಬಿಟ್ಟಳು. “ಎಲ್ಲಾರೂ ನಗತಾರ, ನಾ ಅವರ ಬಾಯಿ ನೋಡ್ಕೋತ ಕುಂದರಬೇಕು. ನನಗ ಬ್ಯಾಡ್ರಿ” ಅನ್ನುತ್ತಿದ್ದಳು. ಕಾಕಾ ವರ್ಷಗಟ್ಟಲೆ ಗೋಗರೆದರೂ ಆಕೆ ಜಪ್ಪಯ್ಯ ಅನ್ನಲಿಲ್ಲ.

ನಾನು ಕಾಲೇಜು ಮುಗಿಸಿ ಮನೆಯಲ್ಲಿದ್ದ ಎಪ್ಪತ್ತರ ದಶಕದ ಮಾತು. ಹುಮನಾಬಾದಿನ ಟಾಕೀಜಿಗೆ ದೊಡ್ಡ ಮಂದಿಯ ಪಾರ್ಟಿಗಳ ಮೇಲೆ ಒಂದು ನಗೆಯ ಹಿಂದಿ ಸಿನಿಮಾ ಬಂತು. ಕಾಕಾ ಒಬ್ಬರೇ ಹೋಗಿ ನೋಡಿಕೊಂಡು ಓಡುತ್ತಲೇ ಮನೆಗೆ ಬಂದರು. ಕಾಕಿಯ ಎದುರು ಕೂತು, ತುಟಿ ಕಾಣುವ ಹಾಗೆ ನಿಧಾನಕ್ಕೆ ಹೇಳಿದರು: “ಸಿಕ್ತು! ನಿನಗಂತ ಒಂದು ಸಿನಿಮಾ ಸಿಕ್ತು! ಪಾರ್ಟಿ ಸಿನಿಮಾ!”

“ಯಾವ ಪಾರ್ಟಿ? ಮತ್ತ ಇಲೆಕ್ಷನ್ ಬಂತೇನು?” ಅಂದಳು ಕಾಕಿ. ಆಕೆಯದೇನು ತಪ್ಪು? ನಮ್ಮೂರಲ್ಲಿ ಆಗ ಪಾರ್ಟಿ ಅಂದರೆ ಒಂದೋ ಓಟು ಕೇಳುವವರು, ಇಲ್ಲವೇ ಕೋರ್ಟಿಗೆ ಅಲೆಯುವವರು!

“ದಾವತ್ ಅದು. ಕೈಯಾಗ ಗ್ಲಾಸ್ ಹಿಡದು ಎಲ್ಲಾರೂ ನಿಂತೇ ಇರತಾರ.”

“ಪಾಪ, ಹಾಸಾಕ ಒಂದು ಚಾಪಿನೂ ಇಲ್ಲೇನು ಅವರ ಮನ್ಯಾಗ?”

ಅಂತೂ ಕಾಕಿ ಒಪ್ಪಿದಳು. ಆದರೆ ಒಂದು ಕರಾರಿನ ಮೇಲೆ. “ಇದೊಂದೇ ಸಲ. ನನಗ ತಿಳಿಲಿಲ್ಲಂದ್ರ ಸಾಯೋತನಕ ಸಿನಿಮಾದ ಹೆಸರು ತಗೀಬಾರದು. ಆಣಿ ಮಾಡ್ರಿ.” ಕಾಕಾ ತಮ್ಮ ದೊಡ್ಡ ಕತ್ತರಿಯನ್ನು ಮುಟ್ಟಿ ಆಣೆ ಮಾಡಿದರು.

ಮರುದಿನದಿಂದ ತಾಲೀಮು. ಗೂಟಕ್ಕೆ ಒಂದು ಕೋಟು ತೂಗುಹಾಕಿ ಕಾಕಾ ಪಾಠ ಹೇಳಿದರು. “ಬಡವ ಒಬ್ಬ ದೋಬಿ ಕಡಿಂದ ಮಂದಿ ಕೋಟ್ ಇಸಕೊಂಡು ಸೇಠನ ಪಾರ್ಟಿಗೆ ಹೋಗ್ತಾನ. ಕೋಟಿಗೆ ನಾಕು ಗುಂಡಿ. ಒಟ್ಟು ನಾಕು ಪಾರ್ಟಿ. ಪಾರ್ಟಿಗೊಂದು ಗುಂಡಿ ಉದುರತೈತಿ. ನೀ ಅವರ ಬಾಯಿ ನೋಡಬ್ಯಾಡ, ಕೋಟ್ ನೋಡು.” ಮುಂದಿನ ಕಥೆ ಎಷ್ಟು ಪೀಡಿಸಿದರೂ ಹೇಳಲಿಲ್ಲ. ಹೇಳಿಬಿಟ್ಟರೆ ನಗು ಕೆಡುತ್ತದಂತೆ!

ಐತವಾರ ಮೂವರೂ ಬಸ್ಸು ಹತ್ತಿ ಹುಮನಾಬಾದಿಗೆ ಮ್ಯಾಟಿನಿಗೆ ಹೋದೆವು. ಕಾಕಿ ತಿನ್ನಲು ಅವಲಕ್ಕಿ ಚೂಡಾ ಕಟ್ಟಿಕೊಂಡಿದ್ದಳು. ಮೊದಲ ಪಾರ್ಟಿಯಲ್ಲಿ ಗುಂಡಿ ಹಾರಿ ಸೇಠನ ಬಟ್ಟಲಿಗೆ ಬಿತ್ತು, ಅವನು ಬಾದಾಮಿ ಅಂದುಕೊಂಡು ಕಟುಮ್ ಅಂತ ಕಡಿದ. ಕಾಕಿ ಸೆರಗು ಬಾಯಿಗೆ ಅಡ್ಡ ಹಿಡಿದಳು. ನಕ್ಕಳೋ, ಸುಮ್ಮನೆ ಹಿಡಿದಳೋ, ಗೊತ್ತಾಗಲಿಲ್ಲ.

ಇಂಟರ್ವಲ್ ಆಯಿತು. ಮತ್ತೆ ಕತ್ತಲೆ, ಮತ್ತೆ ಅದೇ ಝಗಮಗ ಬಂಗಲೆ, ಅದೇ ಗ್ಲಾಸು, ಅದೇ ಹೀ ಹೀ ಹಾ ಹಾ. ಜನ ಬಿದ್ದು ಬಿದ್ದು ನಗುತ್ತಿದ್ದಾರೆ. ಕಾಕಿ ನಗಲಿಲ್ಲ. ಹುಬ್ಬು ಗಂಟಿಕ್ಕಿ ಕೂತಿದ್ದಳು. ಕಾಕಾನ ಕಡೆ ನೋಡಿದೆ, ಮುಖ ಸುಟ್ಟ ಬದನೆಕಾಯಿ! ಮುಗಿಯಿತು, ಕತ್ತರಿ ಮುಟ್ಟಿದ ಆಣೆ ಕೊರಳಿಗೆ ಬಂತು ಅಂದುಕೊಂಡೆ.

ಆಗ ಕಾಕಿ ಬಾಯಿ ತೆರೆದಳು. ತನ್ನ ದನಿ ಎಷ್ಟು ಜೋರು ಅಂತ ಆಕೆಗೇನು ಗೊತ್ತು? ಇಡೀ ಟಾಕೀಜಿಗೆ ಕೇಳಿತು.

“ರೀ! ಎರಡು ಗುಂಡಿ ಎಲ್ಲಿ ಹೋದ್ವು? ಮೂರು ಉಳಿದಿದ್ವು, ಈಗ ಒಂದೇ ಐತಿ! ನಡುವಿನ ಎರಡು ಪಾರ್ಟಿ ಯಾರು ನುಂಗಿದ್ರು?”

ಕಾಕಾ ಬೆಚ್ಚಿ ಪರದೆ ನೋಡಿದರು. ಹೌದು, ಒಂದೇ ಗುಂಡಿ! ಜಿಗಿದು ಬೆಂಚಿನ ಮೇಲೆ ನಿಂತರು. “ನಿಲ್ಲಸ್ರಿ! ರೀಲ್ ತಪ್ಪೈತಿ! ಇದು ನಾಕನೇ ಪಾರ್ಟಿ!”

“ಏ ಮಾಸ್ತರ್, ಕೂಡ್ರಿ! ಮಂದಿ ನಗಾಕತ್ತಾರ, ನಿಮ್ಮದೇನು ತಕರಾರು?” ಹಿಂದಿನಿಂದ ನಮ್ಮೂರಿನವರೇ ಯಾರೋ ಕೂಗಿದರು.

“ಕಥಿ ತಿಳೀದೇ ನಗಾಕತ್ತೀರಲ್ಲೋ!” ಅಂದರು ಕಾಕಾ.

ದೀಪ ಹತ್ತಿತು. ಆ ದಿನ ಮಷೀನಿನ ಹತ್ತಿರ ಇದ್ದವನು ಬದಲಿಯವನು. ಹುಡುಕಿದರೆ, ಮೊದಲು ಬರಬೇಕಾಗಿದ್ದ ಎರಡು ರೀಲಿನ ಡಬ್ಬಿಗಳು ಮೂಲೆಯಲ್ಲಿ ತಣ್ಣಗೆ ಕೂತಿವೆ! ಮ್ಯಾನೇಜರು ಬೆವರೊರೆಸಿಕೊಳ್ಳುತ್ತ ಬಂದು, ತಪ್ಪು ಹಿಡಿದವರು ಯಾರು ಅಂತ ಕೇಳಿದರು.

“ಇಕಿ ರೀ, ನನ್ನ ಹೆಂಡ್ತಿ!” ಕಾಕಾ ಎದೆ ಉಬ್ಬಿಸಿ ಹೇಳಿದರು. “ಇಕಿಗೆ ಕಿವಿ ಕೇಳಂಗಿಲ್ಲ. ಕಿವಿ ಇದ್ದ ನೀವೆಲ್ಲಾ ಏನ ಮಾಡಾಕತ್ತಿದ್ರಿ?”

ಇಡೀ ಟಾಕೀಜು ಚಪ್ಪಾಳೆ ಹೊಡೆಯಿತು. ಕಾಕಿಗೆ ಸದ್ದು ಕೇಳಲಿಲ್ಲ, ಆದರೆ ತನ್ನ ಕಡೆ ತಿರುಗಿದ ಅಷ್ಟೂ ಕೈಗಳನ್ನು ಕಂಡಳು. ಸಿನಿಮಾ ಮತ್ತೆ ಎರಡನೇ ಪಾರ್ಟಿಯಿಂದ ಶುರುವಾಯಿತು. ಗುಂಡಿ ಸಡಿಲಾದಾಗಲೆಲ್ಲ ಕಾಕಿ ಎಲ್ಲರಿಗಿಂತ ಮೊದಲೇ ನಗುತ್ತಿದ್ದಳು. ಆಕೆ ನಕ್ಕಳು ಅಂದರೆ ಈಗೇನೋ ಉದುರುತ್ತದೆ ಅಂತ ಹಿಂದಿನವರು ಪರದೆಯ ಕಡೆ ಕತ್ತು ಚಾಚುತ್ತಿದ್ದರು!

ವಾಪಸು ಬಸ್ಸಿನಲ್ಲಿ ನಾನು ಕಾಕಾನನ್ನು ಕೆಣಕಿದೆ. “ಎಲ್ಲಾ ಬಿಟ್ಟು, ಕೋಟ್ ಹೊಲಿಯೋರು ನೀವು! ಒಮ್ಮೆ ನೋಡಿದ ಸಿನಿಮಾ ಬ್ಯಾರೆ! ನಿಮಗ್ಯಾಕ ಗುಂಡಿ ಕಾಣಲಿಲ್ಲ ಕಾಕಾ?”

ಕಾಕಾ ಟೇಪನ್ನು ಬೆರಳಿಗೆ ಸುತ್ತುತ್ತ ಕೂತರು. “ನಾ ಎಲ್ಲಿ ಪರದೆ ನೋಡೇನವ್ವಾ? ಇಂಟರ್ವಲ್ ಆದ ಮ್ಯಾಲ ಇಕಿ ಮಾರಿನೇ ನೋಡ್ಕೋತ ಕೂತಿದ್ದೆ.”

ಆ ಕಾಲರು, ಆ ತೋಳು, ಕೈಯಾಡಿಸಿ ಹೇಳಿದ ಅಷ್ಟೂ ಕಥೆಗಳು! ಇಷ್ಟು ವರ್ಷ ಈ ಮನುಷ್ಯ ಕಾಕಿಗಾಗಿ ಕಿವಿ ಬೇಡದ ಕಥೆಯನ್ನು ಹುಡುಕುತ್ತಿದ್ದರು. ನಾವು ಹುಚ್ಚು ಅಂತ ನಕ್ಕಿದ್ದೆವು. ನನಗೆ ನಾಚಿಕೆಯಾಯಿತು.

ಕಿಟಕಿಯ ಹತ್ತಿರ ಕೂತಿದ್ದ ಕಾಕಿ ನಮ್ಮ ಕಡೆ ತಿರುಗಿ, ಬಸ್ಸಿಗೆಲ್ಲ ಕೇಳುವ ಹಾಗೆ ಕೇಳಿದಳು: “ರೀ, ಮುಂದಿನ ಐತವಾರ ಯಾವ ಸಿನಿಮಾ?”

ಕಾಕಾನ ಕಣ್ಣಲ್ಲಿ ನೀರಿತ್ತು. ಈ ಸಲ ಯಾರ ಕಾಲರೂ ಕೆಟ್ಟಿರಲಿಲ್ಲ.