ಬೆಚ್ಚಗಿನ ದನಿಯ ಪೆಟ್ಟಿಗೆ

ಅವತ್ತು ಬೆಳಿಗ್ಗೆ ಹಲ್ಲುಜ್ಜುವಾಗಲೇ ಘೋಷಿಸಿಬಿಟ್ಟೆ: "ನನ್ನ ಪೆಟ್ಟಿಗೆ ಎಂಥದ್ದು ಅಂತ ಇವತ್ತು ಈ ಮನೆಗೆ ತೋರಿಸ್ತೀನಿ!" ಬಾಯಲ್ಲಿ ನೊರೆ ಇತ್ತು, ಅರ್ಧ ಘೋಷಣೆ ಕನ್ನಡಿಗೆ ಹಾರಿತು. ಹೆಂಡತಿ ಕನ್ನಡಿ ಒರೆಸಿ ಹೋದಳು.

ನಾನು ಹಾಡುಗಳನ್ನು ಮಿಕ್ಸ್ ಮಾಡುವವನು. ಹಾಡುವವರು ಹಾಡಿ, ನುಡಿಸುವವರು ನುಡಿಸಿ ಹೋದಮೇಲೆ ಎಲ್ಲವನ್ನೂ ಹದವಾಗಿ ಬೆರೆಸುವ ಕೆಲಸ. ಇಪ್ಪತ್ತೆರಡು ವರ್ಷದ ಅನುಭವ. ಪಕ್ಕದ ಬೀದಿಯಲ್ಲಿ ಸೊಳ್ಳೆ ಕೆಮ್ಮಿದರೂ ಅದು ಗಂಡೋ ಹೆಣ್ಣೋ ಹೇಳಬಲ್ಲ ಕಿವಿ ನನ್ನದು! ಮನೆಯ ಹಿಂದಿನ ಕೋಣೆಯೇ ಸ್ಟುಡಿಯೋ. ಅಲ್ಲಿ ಮಹಾರಾಜನಂತೆ ವಿರಾಜಮಾನವಾಗಿರುವುದು ಒಂದು ಹಳೆಯ ಕಬ್ಬಿಣದ ಪೆಟ್ಟಿಗೆ. ತೆಳ್ಳಗಿನ ದನಿ ಅದರೊಳಗೆ ಹಾಯ್ದರೆ ಬೆಚ್ಚಗಾಗಿ, ಮೈ ತುಂಬಿಕೊಂಡು ಹೊರಬರುತ್ತದೆ. ಅದು ಆನ್ ಆಗಿದೆ ಅಂತ ತೋರಿಸುವ ಪುಟ್ಟ ದೀಪ ಸುಟ್ಟು ವರ್ಷವಾಗಿತ್ತು. ಇಂಥ ಕಿವಿ ಇರುವವನಿಗೆ ದೀಪ ಯಾಕೆ ಅಂತ ಹಾಗೇ ಬಿಟ್ಟಿದ್ದೆ.

ತಕರಾರು ಇದ್ದದ್ದು ಆ ಕೋಣೆಯದ್ದು. ನಮ್ಮ ಜೊತೆ ಇರಲು ಬಂದ ಅತ್ತೆ ಮೂರು ವಾರದಿಂದ ನಡುಮನೆಯ ಸೋಫಾದ ಮೇಲೆ ಕಾಲು ಮಡಚಿ ಮಲಗುತ್ತಿದ್ದರು. ಕೋಣೆ ಅಮ್ಮನಿಗೆ ಕೊಡಿ, ನೀವು ಲ್ಯಾಪ್‌ಟಾಪ್ ಇಟ್ಟುಕೊಂಡು ಊಟದ ಮೇಜಿನ ಮೇಲೆ ಕೆಲಸ ಮಾಡಿ ಅಂತ ಹೆಂಡತಿಯ ವಾದ. ಊಟದ ಮೇಜಿನ ಮೇಲೆ ಮಹಾರಾಜನೇ? ನನಗೆ ರೇಗಿತು.

"ಇವತ್ತು ಬರೋದು ದೊಡ್ಡ ಗಾಯಕಿ. ಪೆಟ್ಟಿಗೆ ಇಲ್ಲದೆ ಅವರು ಮೆಚ್ಚೋ ಹಾಗೆ ಮಿಕ್ಸ್ ಆದರೆ, ಸಂಜೆಯೊಳಗೆ ಕೋಣೆ ನಿಮ್ಮಮ್ಮನದು."

"ಮಾತು ತಪ್ಪಬಾರದು," ಎಂದಳು.

ಗಾಯಕಿ ಬಂದರು, ಕಣ್ಣು ಮುಚ್ಚಿ ಕೇಳಿದರು, ದನಿ ಯಾಕೋ ತೆಳುವಾಯಿತು ಎಂದರು. ನಾನು ಪೆಟ್ಟಿಗೆಯ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದೆ. ಆಹಾ, ಬಂತು ಎಂದರು. ನನ್ನ ಕಿವಿಗೂ ಬಂತು! ಇನ್ನಷ್ಟು ಎಂದರು, ತಿರುಗಿಸಿದೆ. ಸ್ವಲ್ಪ ಜಾಸ್ತಿಯಾಯಿತು ಎಂದರು, ಅರ್ಧ ಕೂದಲು ಹಿಂದಕ್ಕೆ ತಂದೆ. ಹೀಗೆ ಒಂದೂವರೆ ಗಂಟೆ. ಟೀ ತಂದ ಅತ್ತೆ ಬಾಗಿಲಲ್ಲೇ ನಿಂತು, "ಅಳಿಯಂದ್ರೇ, ಆಗಿನಿಂದ ಒಂದೇ ಥರ ಕೇಳಿಸ್ತಿದೆಯಲ್ಲ?" ಎಂದರು. ನಾನೂ ಗಾಯಕಿಯೂ ಮುಖ ಮುಖ ನೋಡಿಕೊಂಡು ಕನಿಕರದಿಂದ ನಕ್ಕೆವು. ಕೊನೆಗೆ ಗಾಯಕಿ ಕಣ್ಣೊರೆಸಿಕೊಂಡು, ಉಳಿದ ಒಂಬತ್ತು ಹಾಡೂ ನಿಮಗೇ, ಆದರೆ ಈ ಪೆಟ್ಟಿಗೆ ಇರಲೇಬೇಕು ಎಂದು ಹೇಳಿ ಹೋದರು.

ನಾನು ಎದೆಯುಬ್ಬಿಸಿ ಹೆಂಡತಿಯನ್ನು ಕರೆತಂದೆ. ಅವಳು ಪೆಟ್ಟಿಗೆಯ ಹಿಂದೆ ಬಗ್ಗಿ, ನೆಲದ ಮೇಲೆ ಬಿದ್ದಿದ್ದ ವೈರನ್ನು ಎತ್ತಿ ಹಿಡಿದಳು.

"ಬೆಳಿಗ್ಗೆ ನಿಮ್ಮ ಶರ್ಟ್ ಇಸ್ತ್ರಿ ಮಾಡೋಕೆ ಈ ಪ್ಲಗ್ ಕಿತ್ತಿದ್ದೆ. ವಾಪಸ್ ಹಾಕೋದೇ ಮರೆತೆ ಕಣ್ರೀ."

ಕರೆಂಟ್ ಇಲ್ಲದಿದ್ದರೆ ಆ ಪೆಟ್ಟಿಗೆ ಏನೂ ಮಾಡುವುದಿಲ್ಲ. ಹಾಡು ಹೋದ ಹಾಗೇ ಹೊರಗೆ ಬರುತ್ತದೆ. ಒಂದೂವರೆ ಗಂಟೆ ನಾನು ತಿರುಗಿಸಿದ್ದು ಬರೀ ಕಬ್ಬಿಣ! ನಾಚಿಕೆಯಿಂದ ನನ್ನ ಬಂಗಾರದ ಕಿವಿಗಳು ಕಾದ ಇಸ್ತ್ರಿಯಂತಾದವು. ಸಂಜೆಯೊಳಗೆ ಅತ್ತೆಯ ಮಂಚ ಒಳಗೆ ಬಂತು.

ಈಗ ನಾನು ಊಟದ ಮೇಜಿನವನು. ಗಾಯಕಿ ಬರುವ ದಿನ ಮಾತ್ರ ಅತ್ತೆ ನನ್ನನ್ನು ಕೋಣೆಗೆ ಬಿಟ್ಟುಕೊಳ್ಳುತ್ತಾರೆ. ಪೆಟ್ಟಿಗೆ ಮೂಲೆಯಲ್ಲಿದೆ, ಅದರ ಪ್ಲಗ್ಗಿನ ಜಾಗದಲ್ಲಿ ಅತ್ತೆಯ ಟೇಬಲ್ ಫ್ಯಾನ್. ಮೊನ್ನೆ ಎರಡನೆಯ ಹಾಡಿಗೂ ಗಾಯಕಿ ಇನ್ನಷ್ಟು ಬೆಚ್ಚಗಾಗಲಿ ಎಂದರು. ನಾನು ಗಂಭೀರವಾಗಿ ತಿರುಪು ತಿರುಗಿಸಿದೆ. ಅವರು ಯಾಕೋ ಅನುಮಾನಿಸಿದರು, ನಾನು ಇನ್ನೊಂದು ಕೂದಲೆಳೆಯಷ್ಟು ತಿರುಗಿಸಿದೆ. ಆಗ ಮಂಚದ ಮೇಲೆ ಸ್ವೆಟರ್ ಹೆಣೆಯುತ್ತಿದ್ದ ಅತ್ತೆ ತಲೆಯೆತ್ತದೆ ಹೇಳಿದರು:

"ಬಂತು ಅಳಿಯಂದ್ರೇ, ಸಾಕು. ಇನ್ನೂ ತಿರುಗಿಸಿದ್ರೆ ಸೀದು ಹೋಗುತ್ತೆ."

ಗಾಯಕಿಯ ಮುಖ ಅರಳಿತು. ನನ್ನ ಕಡೆ ವಾಲಿ ಪಿಸುಗುಟ್ಟಿದರು: "ತಪ್ಪು ತಿಳೀಬೇಡಿ. ನಿಮಗಿಂತ ನಿಮ್ಮ ಅತ್ತೆಯವರ ಕಿವಿ ಚುರುಕು."